ಸಾಕು ಎನ್ನುವ ಡಬ್ಬಿ

ನನಗೊಂದು ದುರಭ್ಯಾಸವಿದೆ. ಯಾರ ಮನೆಗೆ ಹೋದರೂ ಮೊದಲು ಅವರ ಫ್ರಿಜ್ಜಿನ ಸದ್ದಿಗೆ ಕಿವಿಗೊಡುತ್ತೇನೆ. ಅವರು ಚಹಾ ಕೊಡುತ್ತಾರೆ, ಮಗನ ಮಾರ್ಕ್ಸು ಹೇಳುತ್ತಾರೆ, ಹೊಸ ಸೋಫಾದ ಮೇಲೆ ಕೂರಿಸುತ್ತಾರೆ. ನಾನು ತಲೆಯಾಡಿಸುತ್ತಲೇ ಅಡುಗೆಮನೆಯ ಕಡೆ ಗಮನ ಇಟ್ಟಿರುತ್ತೇನೆ. ಗುಂಯ್ ಎನ್ನುವ ಸದ್ದು ನಡೆದಿರುತ್ತದೆ. ನಡೆದೇ ಇರುತ್ತದೆ. ಆಮೇಲೆ 'ಟಕ್' ಎಂದು ಅದು ನಿಂತು ಮನೆಯೊಳಗೆ ಒಂದು ನೆಮ್ಮದಿಯ ಮೌನ ಬೀಳುತ್ತದಲ್ಲ, ಆಗಲೇ ನನಗೆ ಚಹಾದ ರುಚಿ ಹತ್ತುವುದು. ನಿಲ್ಲದಿದ್ದರೆ ಎದ್ದು ಹೋಗಿ ಅದರ ಬೆನ್ನು ಮುಟ್ಟಿ ನೋಡಬೇಕೆನಿಸುತ್ತದೆ. ಒಂದೆರಡು ಮನೆಗಳಲ್ಲಿ ಮುಟ್ಟಿಯೂ ನೋಡಿದ್ದೇನೆ. ಅವರು ಮತ್ತೆ ಕರೆಯಲಿಲ್ಲ.

ಆ 'ಟಕ್' ಸದ್ದು ಮಾಡುವ ಪುಟ್ಟ ಡಬ್ಬಿಗೆ ಥರ್ಮೋಸ್ಟಾಟ್ ಎಂದು ಹೆಸರು. ಬೆಂಕಿಪೊಟ್ಟಣಕ್ಕಿಂತ ತುಸು ದೊಡ್ಡದು. ಅದಕ್ಕೊಂದು ಉದ್ದನೆಯ ತೆಳ್ಳನೆಯ ತಾಮ್ರದ ಬಾಲ, ಬಾಲದೊಳಗೆ ಗ್ಯಾಸು. ಫ್ರಿಜ್ಜಿನ ಒಳಗೆ ಬೆಚ್ಚಗಾದರೆ ಗ್ಯಾಸು ಹಿಗ್ಗಿ ಮೋಟರನ್ನು ಎಬ್ಬಿಸುತ್ತದೆ. ಬೇಕಾದಷ್ಟು ತಣ್ಣಗಾದರೆ ಕುಗ್ಗಿ ಮೋಟರನ್ನು ಮಲಗಿಸುತ್ತದೆ. ಅದು ಕಲಿತ ವಿದ್ಯೆ ಇಷ್ಟೇ. ಆದರೆ ಯೋಚಿಸಿ ನೋಡಿ, ನಮ್ಮ ಮನೆಯಲ್ಲಿ ಎಷ್ಟು ಜನಕ್ಕೆ, ಎಷ್ಟು ಸಾಮಾನಿಗೆ ಈ ವಿದ್ಯೆ ಗೊತ್ತಿದೆ? ಗ್ರೈಂಡರಿಗೆ ಗೊತ್ತಿಲ್ಲ, ಟೀವಿಗೆ ಗೊತ್ತಿಲ್ಲ, ಬೋರಿನ ಪಂಪಿಗೆ ಗೊತ್ತಿಲ್ಲ. ನನಗಂತೂ ಗೊತ್ತೇ ಇಲ್ಲ. ಶೇಂಗಾ ಹೋಳಿಗೆ ಮಾಡಿದ ದಿನ ಹೊಟ್ಟೆ ತುಂಬಿದೆ ಎಂಬ ಸುದ್ದಿ ನನ್ನ ಕೈಗೆ ತಲುಪುವಷ್ಟರಲ್ಲಿ ಡಬ್ಬ ಖಾಲಿಯಾಗಿರುತ್ತದೆ. ಹಾಗಾಗಿ ಆ ಡಬ್ಬಿಯನ್ನು ಕಂಡರೆ ನನಗೆ ಮೊದಲಿನಿಂದಲೂ ಒಂದು ಬಗೆಯ ಗೌರವ.

ನಾನು ಕನ್ನಡದ ಮೇಷ್ಟರು. ಇಂಥ ಗೌರವಸ್ಥ ಸಾಮಾನಿಗೆ ಕನ್ನಡದ ಹೆಸರು ಹುಡುಕದೆ ಬಿಟ್ಟೇನೆ? 'ತಾಪನಿಯಂತ್ರಕ' ಎಂದೆ, ಅದೊಂದು ಸರ್ಕಾರಿ ಹುದ್ದೆಯಂತೆ ಕೇಳಿಸಿತು. 'ಶಾಖಸ್ತಂಭಕ' ಎಂದೆ, ಸ್ಟಾಫ್ ರೂಮಿನಲ್ಲಿ ಒಬ್ಬರು ಮಾಟಮಂತ್ರದ ಪುಸ್ತಕ ಓದುತ್ತಿದ್ದೀರಾ ಎಂದು ವಿಚಾರಿಸಿದರು. ಕೊನೆಗೆ ಹೊಳೆದದ್ದು 'ಹದ' ಎಂಬ ನಮ್ಮ ಹಳೆಯ ಪದ. ಎಂಥ ಪದ ನೋಡಿ ಅದು! ಬಿತ್ತುವ ನೆಲಕ್ಕೆ ಹದ, ಬೆಲ್ಲದ ಪಾಕಕ್ಕೆ ಹದ, ರೊಟ್ಟಿ ಹಿಟ್ಟಿಗೆ ಹದ, ಆಡುವ ಮಾತಿಗೂ ಹದ. ಡಿಗ್ರಿ ಇಲ್ಲ, ಮಾಪನ ಇಲ್ಲ; ಆದರೂ ಹದ ತಪ್ಪಿದರೆ ಎಲ್ಲರಿಗೂ ತಿಳಿಯುತ್ತದೆ. ನೀರು ಎಷ್ಟು ಬಿಸಿ ಬೇಕೆಂದರೆ ಉಗುರುಬೆಚ್ಚಗೆ ಎನ್ನುತ್ತೇವೆ. ಉಗುರಿಗೆ ಬಿಸಿ ಹೇಗೆ ಗೊತ್ತಾಗುತ್ತದೆ ಎಂದು ಇದುವರೆಗೆ ಯಾರೂ ತಕರಾರು ತೆಗೆದಿಲ್ಲ. ಅದಕ್ಕೇ ಡಬ್ಬಿಗೆ 'ಹದಗಾರ' ಎಂದು ನಾಮಕರಣ ಮಾಡಿದೆ. ಮನೆಯಲ್ಲಿ ಯಾರೂ ಬಳಸಲಿಲ್ಲ. ನಮ್ಮಲ್ಲಿ ನಿಂತ ಹೆಸರು ನನ್ನ ಅವ್ವ ಇಟ್ಟದ್ದು: ಸಾಕು ಅನ್ನೂ ಡಬ್ಬಿ. ಆ ಹೆಸರು ಹುಟ್ಟಿದ ಕಥೆಯನ್ನೇ ಹೇಳಲು ಕುಳಿತಿದ್ದೇನೆ.

ತೊಂಬತ್ತರ ದಶಕ ಮುಗಿಯುತ್ತ ಬಂದ ಕಾಲ. ನಾನು ಹಗರಿಬೊಮ್ಮನಹಳ್ಳಿಯಲ್ಲಿ ಕಾಲೇಜು ಮೇಷ್ಟರು. ಹೆಂಡತಿ ಸುಮಂಗಲಾ ಹಂಪಸಾಗರದ ಹೈಸ್ಕೂಲಿನಲ್ಲಿ ವಿಜ್ಞಾನದ ಟೀಚರು. ಅವಳು ಹರಪನಹಳ್ಳಿಯವಳು, ಮಾತಿನಲ್ಲಿ ದಾವಣಗೆರೆಯ ಗಾಳಿ. ಮನೆಯ ಮೂರನೆಯ ಆಸಾಮಿ ನನ್ನ ಅವ್ವ, ಅಪ್ಪಟ ಕೊಟ್ಟೂರಿನವಳು. ರೊಟ್ಟಿ ಬಡಿಯುವುದು ಅವ್ವನ ಪಾಲು, ಉಳಿದ ಅಡುಗೆ ಸುಮಂಗಲಾಳದು, ತಿಂದು ಹೊಗಳುವುದು ನನ್ನದು. ಮೂವರಲ್ಲಿ ನನ್ನ ಕೆಲಸವನ್ನು ಮಾತ್ರ ಯಾರೂ ಕಷ್ಟದ್ದೆಂದು ಒಪ್ಪುತ್ತಿರಲಿಲ್ಲ.

ಹಂಪಸಾಗರದ ಬಸ್ಸು ಬೆಳಗ್ಗೆ ಬೇಗ. ಅದಕ್ಕಾಗಿ ಸುಮಂಗಲಾ ಇನ್ನೂ ಕತ್ತಲಿರುವಾಗಲೇ ಎದ್ದು ಒಲೆ ಹಚ್ಚಬೇಕಿತ್ತು. ಹಿಂದಿನ ಸಂಜೆಯೇ ಮಾಡಿಟ್ಟುಕೊಳ್ಳೋಣ ಎಂದರೆ ನಮ್ಮ ಕಡೆಯ ಬೇಸಿಗೆಯಲ್ಲಿ ಸಂಜೆಯ ಸಾರು ಬೆಳಗಿನ ಹೊತ್ತಿಗೆ ನೊರೆ ಬಿಟ್ಟು ಕೂತಿರುತ್ತಿತ್ತು. ಒಂದು ದಿನ ಅವಳು ಬಸ್ಸಿನಲ್ಲಿ ನಿದ್ದೆ ಹೋಗಿ, ಹಂಪಸಾಗರ ದಾಟಿ ಮುಂದೆಲ್ಲೋ ಇಳಿದಳು. ಇನ್ನೊಂದು ದಿನ ತರಗತಿಯಲ್ಲೇ ತಲೆ ಸುತ್ತು ಬಂದು ಮೇಜು ಹಿಡಿದು ನಿಂತಳಂತೆ. ಆ ಸಂಜೆ ಮನೆಗೆ ಬಂದವಳು ಚಪ್ಪಲಿ ಬಿಡುತ್ತ, "ಇದು ನನ್ ಕೈಲಿ ಆಗಲ್ಲ ರೀ. ಈ ವರ್ಷ ಮುಗೀಲಿ, ಕೆಲಸ ಬಿಟ್‌ಬಿಡ್ತೀನಿ" ಎಂದಳು.

ಅವಳು ಪಾಠ ಮಾಡುವುದನ್ನು ನಾನು ಒಮ್ಮೆ ಕಿಟಕಿಯಿಂದ ನೋಡಿದ್ದೆ. ನೀರು ತುಂಬಿದ ಲೋಟದ ಮೇಲೆ ಕಾಗದ ಮುಚ್ಚಿ ತಲೆಕೆಳಗು ಮಾಡಿ, ನೀರು ಬೀಳದೆ ನಿಂತಾಗ ಮಕ್ಕಳ ಜೊತೆ ತಾನೂ ಚಪ್ಪಾಳೆ ತಟ್ಟುತ್ತಿದ್ದಳು. ಆ ಆಟವನ್ನು ಅವಳೇ ಮೊದಲ ಸಲ ನೋಡುತ್ತಿದ್ದಾಳೇನೋ ಎನ್ನುವ ಹಾಗೆ. ಆ ಕೆಲಸ ಬಿಟ್ಟರೆ ಇವಳು ಇವಳಾಗಿ ಉಳಿಯುವುದಿಲ್ಲ ಎಂದು ನನಗೆ ನಿಜವಾಗಿ ಭಯವಾಯಿತು. ಅಡುಗೆ ನಾನೇ ಕಲಿಯುತ್ತೇನೆ ಎಂದು ಹೊರಟೆ. ನನ್ನ ಮೊದಲ ದಿನದ ಉಪ್ಪಿಟ್ಟನ್ನು ಅವ್ವ ಪಕ್ಕದ ಮನೆಯ ಎಮ್ಮೆಗೆ ಹಾಕಿದಳು. ಎಮ್ಮೆ ಮೂಸಿ ನೋಡಿ ಅವ್ವನ ಮುಖ ನೋಡಿತು. ಅಲ್ಲಿಗೆ ಆ ವಿದ್ಯಾಭ್ಯಾಸ ಮುಗಿಯಿತು.

ಆಗ ಒದಗಿ ಬಂದದ್ದು ಫ್ರಿಜ್ಜು. ಊರಿನಿಂದ ವರ್ಗವಾಗಿ ಹೊರಟಿದ್ದ ಅಧಿಕಾರಿಯೊಬ್ಬರು ತಮ್ಮ ಹಳೆಯ ಫ್ರಿಜ್ಜನ್ನು ಹೊತ್ತುಕೊಂಡು ಹೋಗುವ ಬದಲು ನಮಗೆ ಕೊಟ್ಟರು. ತಳ್ಳುಗಾಡಿಯ ಮೇಲೆ ಹಗ್ಗ ಬಿಗಿಸಿಕೊಂಡು, ಮದುಮಗನ ಹಾಗೆ ನಿಧಾನವಾಗಿ, ಓಣಿಯವರೆಲ್ಲ ಬಾಗಿಲಿಗೆ ಬಂದು ನೋಡುತ್ತಿರಲು ಅದು ನಮ್ಮ ಮನೆ ಸೇರಿತು. ಅದು ಬಂದ ವಾರದಲ್ಲೇ ಸುಮಂಗಲಾಳ ಮುಖ ಬದಲಾಯಿತು. ಸಂಜೆ ಮಾಡಿದ ಪಲ್ಯ ಬೆಳಗ್ಗೆ ಹಾಗೇ ಇರುತ್ತಿತ್ತು. ಹಿಟ್ಟು ಹುಳಿಯುತ್ತಿರಲಿಲ್ಲ. ಅವಳು ಬೆಳಕು ಹರಿದ ಮೇಲೆ ಏಳತೊಡಗಿದಳು. ಕೆಲಸ ಬಿಡುವ ಮಾತು ಮನೆಯಲ್ಲಿ ನಿಂತುಹೋಯಿತು.

ಒಂದೇ ತೊಂದರೆ. ಆ ಫ್ರಿಜ್ಜು ನಿಲ್ಲುತ್ತಿರಲಿಲ್ಲ. ಕರೆಂಟು ಹೋದಾಗ ಮಾತ್ರ ಸುಮ್ಮನಾಗುತ್ತಿತ್ತು. ನಮ್ಮ ಊರಿನ ಕರೆಂಟು ಆಗಾಗ ಹೋಗುತ್ತಿದ್ದುದರಿಂದ ನಾನು ಅದರಲ್ಲಿ ದೋಷವಿದೆ ಎಂದು ಗುರುತಿಸಲೇ ಇಲ್ಲ. ಗುರುತಿಸಿದವಳು ಅವ್ವ.

ಅವ್ವ ಜಿಪುಣಿಯಲ್ಲ. ಉಂಡವರು ಸಾಕು ಎಂದ ಮೇಲೂ ತುಪ್ಪ ಸುರಿಯುವ ಕೈ ಅವಳದು. ಆದರೆ ದುಂದು ಕಂಡರೆ ಅವಳಿಗೆ ತಡೆಯಲಾಗುತ್ತಿರಲಿಲ್ಲ. ಯಾರೂ ಇಲ್ಲದ ಕೋಣೆಯಲ್ಲಿ ಫ್ಯಾನು ತಿರುಗಿದರೆ, ಊಟಕ್ಕೆ ಕೂಡುವವರಿಲ್ಲದೆ ಎಲೆ ಹಾಕಿದಂತೆ ಅವಳಿಗೆ. ಕಂದೀಲಿನ ಕಾಲದಲ್ಲಿ ನಾನು ಓದುವಾಗ ಬತ್ತಿಯನ್ನು ಅಕ್ಷರ ಕಾಣುವಷ್ಟಕ್ಕೆ ಇಳಿಸಿ, ನಾನು ಪುಸ್ತಕದ ಮೇಲೆ ತೂಕಡಿಸಿದರೆ ಇನ್ನಷ್ಟು ಇಳಿಸಿ ಹೋಗುತ್ತಿದ್ದಳು. ಈಗ ಪಡಸಾಲೆಯ ಗೋಡೆಯ ಮೇಲಿನ ಮೀಟರು ಅವಳ ಕಣ್ಣಿಗೆ ಬಿತ್ತು. ಅದರ ಗಾಜಿನ ಹಿಂದೆ ಗಾಲಿಯಂತೆ ತಿರುಗುವ ಒಂದು ತಟ್ಟೆ, ತಟ್ಟೆಯ ಅಂಚಿಗೆ ಒಂದು ಕೆಂಪು ಗುರುತು. ಪೂಜೆಗೆ ಕೂತಲ್ಲಿಂದ ಅದು ನೇರವಾಗಿ ಕಾಣುತ್ತಿತ್ತು. ಲಿಂಗಪೂಜೆ ಮುಗಿಸಿ ಕಣ್ಣು ತೆರೆದರೆ ಎದುರಿಗೆ ಆ ಕೆಂಪು ಗುರುತು ಬಂದು ಹೋಗಿ, ಬಂದು ಹೋಗಿ, ಅವಳ ಮನಸ್ಸಿನ ಶಾಂತಿಯನ್ನೆಲ್ಲ ನುಂಗುತ್ತಿತ್ತು.

ಒಂದು ಸಂಜೆ ಓಣಿಯ ನಾಲ್ಕು ಹೆಂಗಸರು ಕೂತಿರುವಾಗ ಅವಳು ತೀರ್ಪು ಕೊಟ್ಟಳು. "ಹಗಲಿಲ್ಲ ರಾತ್ರಿ ಇಲ್ಲ, ಗಾಲಿ ತಿರಗತಾನ ಐತಿ. ಬರೂ ಅಮಾಸಿತನಕ ನೋಡತೀನಿ. ಗಾಲಿ ನಿಂತ್ರ ಫ್ರಿಜ್ಜ ಇರಲಿ. ನಿಲ್ಲಲಿಲ್ಲ ಅಂದ್ರ ಮಾರಿಬಿಡೂದು. ನಾ ಒಮ್ಮಿ ಹೇಳಿದ್ರ ಹೇಳಿದ್ದ."

ಈ ಕೊನೆಯ ಮಾತನ್ನು ಹಗುರವಾಗಿ ತೆಗೆದುಕೊಳ್ಳುವಂತಿರಲಿಲ್ಲ. ಅವ್ವ ಮಾತಿಗೆ ಎಷ್ಟು ಕಟ್ಟುಬಿದ್ದವಳು ಎಂದರೆ, ಹಿಂದೊಮ್ಮೆ ನಮ್ಮ ಓಣಿಯ ಕಿರಾಣಿ ಅಂಗಡಿಯವನ ಮೇಲೆ ಸಿಟ್ಟಾಗಿ, ಇನ್ನು ನಿನ್ನ ಅಂಗಡಿಯ ಮೆಟ್ಟಿಲು ತುಳಿಯುವುದಿಲ್ಲ ಎಂದುಬಿಟ್ಟಿದ್ದಳು. ಆಮೇಲೆ ಇಬ್ಬರಿಗೂ ರಾಜಿಯಾಯಿತು, ಅವನ ಮಗಳ ಮದುವೆಗೆ ಅವ್ವನೇ ಮುಂದೆ ನಿಂತು ಓಡಾಡಿದಳು. ಆದರೆ ಮೆಟ್ಟಿಲು ಮಾತ್ರ ತುಳಿಯಲಿಲ್ಲ. ಬೀದಿಯಲ್ಲೇ ನಿಂತು ಬೇಳೆ ಬೆಲ್ಲ ಹೇಳುತ್ತಿದ್ದಳು. ಅವನೂ ಪಾಪ, ಅವಳು ಬಂದಳೆಂದರೆ ಒಂದು ಸ್ಟೂಲು ತಂದು ಬೀದಿಗೆ ಹಾಕಿ, ಕೇಳಿದ್ದನ್ನು ತೂಗಿ ಇಳಿದು ಬಂದು ಕೊಡುತ್ತಿದ್ದ. ಇಂಥವಳು ಅಮಾವಾಸ್ಯೆ ಎಂದರೆ ಅಮಾವಾಸ್ಯೆಯೇ. ಆ ರಾತ್ರಿ ಸುಮಂಗಲಾ ಅಲಾರಂ ಗಡಿಯಾರವನ್ನು ಕಪಾಟಿನಿಂದ ತೆಗೆದು ಒರೆಸಿಟ್ಟಳು.

ಮರುದಿನವೇ ರಾಜಾಸಾಬರನ್ನು ಕರೆತಂದೆ. ಬಸ್‌ಸ್ಟ್ಯಾಂಡಿನ ಹಿಂದೆ ಅವರ ರಿಪೇರಿ ಅಂಗಡಿ. ಫ್ರಿಜ್ಜಿನಿಂದ ಹಿಡಿದು ಮಿಕ್ಸಿಯವರೆಗೆ ಏನು ಕೊಟ್ಟರೂ ಮೊದಲು ಅದನ್ನು ಹೊಗಳಿ, ಆಮೇಲೆ ಬಿಚ್ಚುವವರು. ನಮ್ಮದನ್ನೂ ಹೊಗಳಿದರು. "ಭಾಳ ಖಾನದಾನಿ ಫ್ರಿಜ್ಜ ಸರ್ ಇದು. ಬರೇ ಥರ್ಮೋಸ್ಟಾಟ್ ಹೋಗೈತಿ. ಸಾಕು ಅನ್ನಾಕ ಯಾರೂ ಇಲ್ಲ, ಅದಕ್ಕ ಓಡತೈತಿ."

ಪಡಸಾಲೆಯಲ್ಲಿ ರೊಟ್ಟಿಯ ಹಿಟ್ಟು ಸಾಣಿಸುತ್ತಿದ್ದ ಅವ್ವನಿಗೆ ಈ ಮಾತು ಬಹಳ ಹಿಡಿಸಿತು. "ಅಂದ್ರ ಸಾಕು ಅನ್ನೂ ಡಬ್ಬಿ ಅನ್ನು" ಎಂದಳು. ಹೆಸರು ಹುಟ್ಟಿದ್ದು ಹೀಗೆ. ನನ್ನ ಸಂಸ್ಕೃತವೆಲ್ಲ ಅಲ್ಲಿಗೆ ಮಣ್ಣುಪಾಲಾಯಿತು.

ರಾಜಾಸಾಬರು ಹೊಸಪೇಟೆಯಿಂದ ಹೊಸ ಡಬ್ಬಿ ತರಿಸಿ ಹಾಕಿದರು. ಆ ಸಂಜೆ ನಮ್ಮ ಮನೆಯಲ್ಲಿ ಮೊದಲ ಬಾರಿಗೆ ಫ್ರಿಜ್ಜು ತಾನಾಗಿ ನಿಂತಿತು. ನಾವು ಮೂವರೂ ಅದರ ಮುಂದೆ ನಿಂತಿದ್ದೆವು, ಮಗು ಮೊದಲ ಹೆಜ್ಜೆ ಇಟ್ಟಾಗ ನಿಲ್ಲುವ ಹಾಗೆ. ಸ್ವಲ್ಪ ಹೊತ್ತಿಗೆ ಅದೇ ಮತ್ತೆ ಶುರುವಾಯಿತು, ಮತ್ತೆ ನಿಂತಿತು. ಅವ್ವ ಪಡಸಾಲೆಗೆ ಹೋಗಿ ಮೀಟರು ನೋಡಿ ಬಂದಳು. "ಶ್ಯಾಣ್ಯಾ ಐತಿ" ಎಂದು ಅದರ ಜಾಣತನಕ್ಕೆ ಸರ್ಟಿಫಿಕೇಟು ಕೊಟ್ಟಳು. ಅವಳ ಬಾಯಲ್ಲಿ ಈ ಮಾತು ಬಂದದ್ದು ನಾನು ಎಂ.ಎ. ಪಾಸಾದಾಗ ಕೂಡ ಕೇಳಿರಲಿಲ್ಲ.

ಆ ಉತ್ಸಾಹದಲ್ಲಿ ನಾನು ಅವ್ವನಿಗೊಂದು ಉಪನ್ಯಾಸ ಕೊಟ್ಟೆ. ಮೇಷ್ಟರಿಗೆ ಕೇಳುವವರು ಸಿಕ್ಕರೆ, 'ಸಾಕು' ಎನ್ನುವ ಡಬ್ಬಿ ಎಲ್ಲಿಂದ ಬರಬೇಕು? ಹೊರಗಿನ ಬಿಸಿ ಒಳಗೆ ಹೋದಷ್ಟೂ ಮೋಟರು ಹೆಚ್ಚು ಓಡುತ್ತದೆ, ಆದ್ದರಿಂದ ಬಾಗಿಲು ಪದೇಪದೇ ತೆರೆಯಬಾರದು, ಬಿಸಿ ಪಾತ್ರೆ ಇಡಬಾರದು, ಬಿಸಿಲು ತಾಗಬಾರದು ಎಂದು ಕೈ ಆಡಿಸುತ್ತ ವಿವರಿಸಿದೆ. ಅವ್ವ ಗಲ್ಲಕ್ಕೆ ಕೈ ಇಟ್ಟು ಕೇಳಿದಳು. ನನ್ನ ವಿದ್ಯಾರ್ಥಿಗಳಲ್ಲಿ ಯಾರೂ ನನ್ನ ಮಾತನ್ನು ಅಷ್ಟು ಶ್ರದ್ಧೆಯಿಂದ ಕೇಳಿದ್ದಿಲ್ಲ.

ಆದರೆ ಎರಡು ದಿನ ಕಳೆಯುವುದರೊಳಗೆ ಗಾಲಿ ಮತ್ತೆ ತಿರುಗತೊಡಗಿತು. ವಿಚಿತ್ರವೆಂದರೆ ರಾತ್ರಿ ಚೆನ್ನಾಗಿಯೇ ನಿಲ್ಲುತ್ತಿತ್ತು, ಹಗಲಿಡೀ ಓಡುತ್ತಿತ್ತು. ಹಗಲು ನಾವಿಬ್ಬರೂ ಮನೆಯಲ್ಲಿ ಇರುತ್ತಿರಲಿಲ್ಲ. ಮೀಟರಿನ ಅಂಕಿ ಮಾತ್ರ ಏರಿರುತ್ತಿತ್ತು, ಅವ್ವನ ಮುಖ ಇಳಿದಿರುತ್ತಿತ್ತು. ನಾನು ಕಾಲೇಜಿನಿಂದ ಬಂದು ರಾಜಾಸಾಬರಿಗೆ ಹೇಳಿಕಳಿಸುತ್ತಿದ್ದೆ. ಅವರು ಅಂಗಡಿ ಮುಚ್ಚಿ ಮುಸ್ಸಂಜೆಗೆ ಬರುವಷ್ಟರಲ್ಲಿ ಫ್ರಿಜ್ಜು ಟಕ್ ಎಂದು ನಿಂತು ಅವರಿಗೆ ಸಲಾಮು ಮಾಡುತ್ತಿತ್ತು. ಡಾಕ್ಟರ ಬಾಗಿಲಿಗೆ ಹೋದ ಕೂಡಲೇ ಮಕ್ಕಳ ಜ್ವರ ಬಿಡುವುದಿಲ್ಲವೇ, ಹಾಗೆ. "ನಿಂತೈತಲ್ಲ ಸರ್!" ಎಂದು ಅವರು ನನ್ನನ್ನೇ ಅನುಮಾನದಿಂದ ನೋಡುತ್ತಿದ್ದರು. ಆದರೂ ನನ್ನ ಒತ್ತಾಯಕ್ಕೆ ಡಬ್ಬಿ ಬದಲಿಸಿದರು. ಬೇರೆ ಕಂಪನಿಯದು ಹಾಕಿದರು. ಅದೂ ಹಗಲು ಓಡಿತು. ಆಮೇಲೆ ಯಾವುದೋ ಗುಜರಿ ಫ್ರಿಜ್ಜಿನಿಂದ ಬಿಚ್ಚಿದ ಹಳೆಯದೊಂದನ್ನು ಹುಡುಕಿ ಚೀಲದಲ್ಲಿ ಇಟ್ಟುಕೊಂಡರು.

ಡಬ್ಬಿಗಳನ್ನು ಬದಲಿಸುವ ಈ ದಿನಗಳಲ್ಲಿ ನಾನು ದೊಡ್ಡ ಪರಿಣತನಾದೆ. ಊರಿನ ಎರಡು ಅಂಗಡಿಗಳಲ್ಲಿ ನಿಂತು, ಯಾವುದು ಕರೆಂಟು ಉಳಿಸುತ್ತದೆ, ಯಾವುದರ ಬಾಲ ಉದ್ದ, ಯಾವುದು ಬೇಗ ಸಾಕು ಎನ್ನುತ್ತದೆ ಎಂದು ಹೆಣ್ಣು ನೋಡಲು ಹೋದವರ ಗತ್ತಿನಲ್ಲಿ ಪ್ರಶ್ನೆ ಕೇಳಿದೆ. ಸುಮಂಗಲಾ ಮಾತ್ರ ಈ ವಿಷಯದಲ್ಲಿ ಬಾಯಿ ಬಿಡಲಿಲ್ಲ. ವಿಜ್ಞಾನ ಓದಿದವಳು ನೀನು, ಏನಾದರೂ ಹೇಳು ಎಂದರೆ, "ನೋಡಣ ಬಿಡ್ರಿ" ಎಂದು ಉತ್ತರ ಪತ್ರಿಕೆಗಳ ಕಟ್ಟು ಬಿಚ್ಚುತ್ತಿದ್ದಳು. ಅವಳು ಸೋಲೊಪ್ಪಿಕೊಂಡಿದ್ದಾಳೆ ಎಂದುಕೊಂಡು ನಾನು ಒಳಗೊಳಗೇ ಕುದಿಯುತ್ತಿದ್ದೆ.

ಅಮಾವಾಸ್ಯೆಗೆ ಒಂದೇ ದಿನ ಉಳಿಯಿತು. ಮುಸ್ಸಂಜೆಯ ದರ್ಶನದಿಂದ ಪ್ರಯೋಜನವಿಲ್ಲ ಎಂದು ಕೊನೆಗೂ ನನಗೆ ಹೊಳೆದು, ಕಾಲೇಜಿಗೆ ಅರ್ಧ ದಿನ ರಜೆ ಹಾಕಿ ರಾಜಾಸಾಬರನ್ನು ನಡುಮಧ್ಯಾಹ್ನವೇ ಎಳೆದುಕೊಂಡು ಮನೆಗೆ ಬಂದೆ. ಅವರ ಚೀಲದಲ್ಲಿ ಉಳಿದೆರಡು ಡಬ್ಬಿಗಳಿದ್ದವು. ಬೀದಿಯಲ್ಲಿ ನಾಯಿ ಕೂಡ ಇರಲಿಲ್ಲ, ಅಂಥ ಬಿಸಿಲು. ಬಾಗಿಲು ಓರೆಯಾಗಿತ್ತು. ಸೀದಾ ಅಡುಗೆಮನೆಗೆ ಹೋದೆವು.

ಫ್ರಿಜ್ಜು ಕಾಣಲಿಲ್ಲ. ಅದು ಇರಬೇಕಾದ ಮೂಲೆಯಲ್ಲಿ ಯಾರೋ ದಪ್ಪನೆಯ ಮನುಷ್ಯ ತಲೆತುಂಬ ಹೊದ್ದು ನಿಂತಂತಿತ್ತು. ಅವ್ವನ ದೊಡ್ಡ ಕೌದಿ, ಹಳೆಯ ಸೀರೆಗಳ ತುಂಡುಗಳನ್ನು ಕೆಂಪು ದಾರದಲ್ಲಿ ಒತ್ತೊತ್ತಾಗಿ ಹೊಲಿದದ್ದು, ತಲೆಯಿಂದ ಕಾಲಿನವರೆಗೆ, ಹಿಂದೆ ಮುಂದೆ ಸುತ್ತಿಕೊಂಡಿತ್ತು. ಅದರ ಮೇಲೆ ಇನ್ನೊಂದು ಕೌದಿ. ಒಳಗಿನಿಂದ ಗುಂಯ್ ಎನ್ನುವ ಸದ್ದು, ಉಸಿರು ಕಟ್ಟಿದವರ ನರಳಾಟದಂತೆ. ಪಕ್ಕದಲ್ಲಿ ನೆಲದ ಮೇಲೆ ಅವ್ವ ಕೂತಿದ್ದಳು, ಕೌದಿಯ ಅಂಚು ಜಾರದಂತೆ ಒಂದು ಕೈಯಲ್ಲಿ ಹಿಡಿದುಕೊಂಡು.

"ಅವ್ವಾ, ಏನ್ ಮಾಡಕತ್ತಿ ಇದು?" ಎಂದೆ.

ಅವಳು ಬೆಚ್ಚಿ ಎದ್ದಳು. ನನ್ನನ್ನು ನೋಡಿದಳು, ರಾಜಾಸಾಬರನ್ನು ನೋಡಿದಳು, ಸೆರಗು ಸರಿಮಾಡಿಕೊಂಡಳು. "ನೀನ ಹೇಳಿದೆಲ್ಲಪಾ, ಹೊರಗಿನ ಧಗಿ ಒಳಗ ಹೋದ್ರ ಗಾಲಿ ತಿರಗತೈತಿ ಅಂತ. ಐಸ್ ಮಾರೂರು ಕರಗಬಾರದು ಅಂತ ಗೋಣಿತಾಟ ಹೊಚ್ಚತಾರಲ್ಲ? ಅದಕ್ಕ ನಾನೂ ಹೊಚ್ಚೀನಿ. ಒಂದು ಸಾಲವಲ್ದು ಅಂತ ಇನ್ನೊಂದು ಹೊಚ್ಚಿದೆ. ಏನ್ ಮಾಡಿದ್ರೂ ಗಾಲಿ ನಿಲ್ಲವಲ್ದು."

"ನಿಲ್ಲದಿದ್ರ ಮಾರಬೇಕು ಅಂದಾಕಿ ನೀನ ಅಲ್ಲೇನು? ಮತ್ತ ನಿನಗ್ಯಾಕ ಈ ಉಸಾಬರಿ?"

"ಅಂದೀನಿ. ನಾಲ್ಕ ಮಂದಿ ಮುಂದ ಅಂದೀನಿ. ಅಂದ ಮಾತು ಹಿಂದ ತಗೊಳ್ಳಾಕ ಬರತೈತೇನು?" ಅವ್ವನ ದನಿ ಸಣ್ಣದಾಯಿತು. "ಅಂದ ಮರುದಿನ ನೋಡಿದೆ, ಗಡಿಯಾರಕ್ಕ ಕೀಲಿ ಕೊಡಾಕತ್ತಿದ್ಲು. ಮತ್ತ ಕತ್ತಲಾಗ ಎದ್ದು, ಬಸ್ಸಿನಾಗ ತೂಕಡಿಸಿ, ಎಲ್ಲಾರ ಬಿದ್ದು ಗಿದ್ದಾಳು. ಕೆಲಸ ಬಿಟ್ಟು ಮನ್ಯಾಗ ಕುಂತ್ರ ಆ ಹುಡುಗಿ ಮಾರಿ ನನಗ ನೋಡಾಕ ಆಗೂದುಲ್ಲಪಾ. ಮಾತು ಬದಲಿ ಮಾಡಾಕ ಆಗೂದುಲ್ಲ, ಗಾಲಿನಾರ ನಿಲ್ಲಿಸೂಣು ಅಂತ..."

ನಗು ಬರುತ್ತಿತ್ತು, ಅಳುವೂ ಬರುತ್ತಿತ್ತು, ಯಾವುದನ್ನು ಮೊದಲು ಬಿಡಬೇಕೆಂದು ತಿಳಿಯದೆ ಪೆದ್ದನಂತೆ ನಿಂತೆ. ಸೊಸೆ ಮನೆಗೆ ಬಂದಾಗಿನಿಂದ ಅವಳ ಕೆಲಸದ ಬಗ್ಗೆ ಒಂದು ಒಳ್ಳೆಯ ಮಾತು ಆಡಿರದಿದ್ದ ನನ್ನ ಅವ್ವ, ತಾನೇ ಕೊಟ್ಟ ತೀರ್ಪು ಸೋಲಲಿ ಎಂದು ಬೇಸಿಗೆಯ ಮಧ್ಯಾಹ್ನಗಳನ್ನೆಲ್ಲ ಫ್ರಿಜ್ಜಿಗೆ ಕೌದಿ ಹಿಡಿದು ಕಳೆದಿದ್ದಳು. ಸಂಜೆ ನಾವು ಬರುವ ಮುಂಚೆ ತೆಗೆದು ಮಡಚಿ ಇಡುತ್ತಿದ್ದಳು.

ರಾಜಾಸಾಬರು ನಗಲಿಲ್ಲ. ಅದನ್ನು ನಾನು ಇಂದಿಗೂ ಅವರ ದೊಡ್ಡ ಗುಣವೆಂದು ನೆನೆಯುತ್ತೇನೆ. ಮೆಲ್ಲಗೆ ಎರಡೂ ಕೌದಿ ಬಿಚ್ಚಿ ಅವ್ವನ ಕೈಗೆ ಕೊಟ್ಟು, "ಅವ್ವಾರ, ನೀವು ಮಾಡಿದ್ದು ತಪ್ಪಲ್ಲ. ಐಸಿಗೆ ಹೊಚ್ಚಬೇಕು. ಆದ್ರ ಇದಕ್ಕ ಹೊಟ್ಟ್ಯಾಗ ಐಸು, ಬೆನ್ನಾಗ ಒಲಿ. ಒಳಗಿನ ಬಿಸಿ ಎಲ್ಲ ಬೆನ್ನಿಲೆ ಹೊರಗ ಹಾಕತೈತಿ. ಒಲಿಗೆ ಹೊಚ್ಚಿದ್ರ ಹೆಂಗ್ರಿ?" ಎಂದರು. ಅವ್ವ ಬಗ್ಗಿ ಅದರ ಬೆನ್ನು ಮುಟ್ಟಿ ಕೈ ಹಿಂದೆ ತೆಗೆದಳು. "ಅಯ್ಯ ಶಿವನ! ಜೀವ ತಿಂದೆನಲ್ಲ ಇದರದು" ಎಂದು, ಮೂಕಪ್ರಾಣಿಗೆ ಹೊಡೆದವರಂತೆ ಅದರ ಬಾಗಿಲು ಸವರಿದಳು.

ಮುಕ್ಕಾಲು ಗಂಟೆಯಲ್ಲಿ ಫ್ರಿಜ್ಜು ನಿಂತಿತು. ಹಗಲಿನಲ್ಲಿ, ಕಡುಬಿಸಿಲಿನಲ್ಲಿ, ತಾನಾಗಿ. ರಾಜಾಸಾಬರು ಒಳಗಿದ್ದುದನ್ನೂ ಬಿಚ್ಚಿ, ಮೂರೂ ಡಬ್ಬಿಗಳನ್ನು ಪೇಪರಿನ ಮೇಲೆ ಹರಡಿದರು. "ಸರ್, ಮೂರೂ ಚಲೋನ ಅದಾವು. ಯಾವುದು ಇಡೂಣು ಹೇಳ್ರಿ." ನಾನು ಪರಿಣತನ ಗತ್ತಿನಲ್ಲಿ ಹೊಸದರ ಕಡೆ ಕೈ ಚಾಚಿದೆ. ಅವ್ವ ತಡೆದು, ಮೂರನ್ನೂ ಒಂದೊಂದಾಗಿ ಹಾಕಿಸಿದಳು. ಒಂದೊಂದು ನಿಲ್ಲುವವರೆಗೂ ಪಡಸಾಲೆಯಲ್ಲಿ ಪೂಜೆಯ ಜಾಗದಲ್ಲಿ ಕಣ್ಣು ಮುಚ್ಚಿ ಕೂತಳು. ಮಧ್ಯಾಹ್ನವೆಲ್ಲ ಅದರಲ್ಲೇ ಹೋಯಿತು. ಹೊಸದು ನಿಂತದ್ದು ಅವಳಿಗೆ ಕೇಳಿಸಲಿಲ್ಲ. ಎರಡನೆಯದೂ ಕೇಳಿಸಲಿಲ್ಲ. ಗುಜರಿಯದು ಮಾತ್ರ ಬೀಗ ಹಾಕಿದ ಹಾಗೆ 'ಟಕ್' ಎಂದಿತು.

"ಇದು ಇರಲಿ" ಎಂದಳು ಅವ್ವ. "ಸುಮ್ಮನ ನಿಂತ್ರ ನಿಂತೈತೋ ಇಲ್ಲೋ ಅಂತ ಯಾರಿಗೆ ಗೊತ್ತಾಗಬೇಕು? ಇದು ಹೇಳಿ ನಿಲ್ಲತೈತಿ. ಕುಂತಲ್ಲೇ ಕೇಳತೈತಿ." ಕರೆಂಟು ಉಳಿಸುವ ಡಬ್ಬಿ ಆರಿಸಲು ಅದಕ್ಕಿಂತ ಒಳ್ಳೆಯ ಕಾರಣವನ್ನು ನಾನು ಯಾವ ಅಂಗಡಿಯಲ್ಲೂ ಕೇಳಿಲ್ಲ. ಕಾಣದ ಉಳಿತಾಯದ ಮೇಲೆ ಯಾರಿಗೂ ನಂಬಿಕೆ ಹುಟ್ಟುವುದಿಲ್ಲ. ಅವ್ವನಿಗೆ ಉಳಿತಾಯ ಕಿವಿಗೆ ಬೀಳಬೇಕಿತ್ತು. ರಾಜಾಸಾಬರು ಹೊರಟ ಮೇಲೆ ಅವಳು ನನ್ನ ತೋಳು ಹಿಡಿದು, "ಸುಮಂಗಲಾಗ ಹೇಳಬ್ಯಾಡ ಮತ್ತ" ಎಂದಳು. ಆಗಲಿ ಎಂದೆ.

ಅಮಾವಾಸ್ಯೆಯ ಸಂಜೆ ತೀರ್ಪಿನ ಹೊತ್ತು. ಸುಮಂಗಲಾ ಬಸ್ಸಿಳಿದು ಬಂದು, ಕೈಕಾಲು ತೊಳೆದು, ಪರೀಕ್ಷೆಯ ಫಲಿತಾಂಶಕ್ಕೆ ನಿಂತ ಹುಡುಗಿಯಂತೆ ಕಂಬಕ್ಕೆ ಒರಗಿ ನಿಂತಳು. ಓಣಿಯ ಹೆಂಗಸರೂ ಬಂದಿದ್ದರು. ಅವ್ವ ಮೀಟರಿನ ಕೆಳಗೆ ನಿಂತು ಕತ್ತೆತ್ತಿ ನೋಡಿದಳು. ಫ್ಯಾನು, ದೀಪ ಎಲ್ಲ ಆರಿಸಿದ್ದಳು. ಅಡುಗೆಮನೆಯಿಂದ 'ಟಕ್' ಎಂದಿತು. ಕೆಂಪು ಗುರುತು ಅರ್ಧಕ್ಕೆ ಬಂದು ನಿಂತುಕೊಂಡಿತು. "ಗಾಲಿ ನಿಂತೈತಿ" ಎಂದು ಅವ್ವ ಎಲ್ಲರಿಗೂ ಕೇಳುವಂತೆ ಹೇಳಿದಳು. "ನನ್ನ ಮಾತು ಮಾತ. ಫ್ರಿಜ್ಜ ಇರಲಿ. ಶಾಲಿಗೆ ಹೋಗಾಕಿ ಹೋಗಲಿ." ಹೇಳಿ, ಯಾರ ಮುಖವನ್ನೂ ನೋಡದೆ ದೀಪ ಹಚ್ಚಲು ಒಳಗೆ ಹೋದಳು.

ಮರುದಿನ ಬೆಳಗ್ಗೆ ನಾನು ಸುಮಂಗಲಾಳ ಜೊತೆ ಬಸ್‌ಸ್ಟ್ಯಾಂಡಿಗೆ ನಡೆದೆ. ಗುಟ್ಟು ನನ್ನ ಬಾಯಲ್ಲಿ ಬಿಸಿ ಬದನೆಕಾಯಿಯಂತೆ ಹೊರಳುತ್ತಿತ್ತು. ಅರ್ಧ ದಾರಿಯಲ್ಲಿ ಅವಳೇ ಕೇಳಿದಳು:

"ಕೌದಿ ಸಿಕ್ತೇನ್ರಿ ನಿಮ್ಗೆ?"

ನಾನು ನಿಂತುಬಿಟ್ಟೆ. "ನಿನಗ ಹೆಂಗ ಗೊತ್ತು?"

"ಫ್ರಿಜ್ ಬಾಗ್ಲು ರಬ್ಬರಿಗೆ ದಿನಾ ಕೆಂಪು ದಾರ ಅಂಟ್ಕೊಂಡಿರ್ತಿತ್ತು. ಸಂಜೆ ಬಂದು ಮುಟ್ಟಿದ್ರೆ ಬೆನ್ನು ಕೆಂಡ. ವಿಜ್ಞಾನದ ಟೀಚರ್ ರೀ ನಾನು, ಅಷ್ಟೂ ಗೊತ್ತಾಗಲ್ವಾ?"

"ಮತ್ತ ಹೇಳಬಾರದಿತ್ತೇನು? ಅವ್ವಗ ಹೇಳಲಿಲ್ಲ, ನನಗೂ ಹೇಳಲಿಲ್ಲ. ನಿನ್ನ ಕೆಲಸಾನ ಹೋಗತಿತ್ತಲ್ಲ!"

ಹಂಪಸಾಗರದ ಬಸ್ಸು ಬಂದು ನಿಂತಿತ್ತು. ಅವಳು ಅದರ ಬೋರ್ಡು ನೋಡುತ್ತ ಹೇಳಿದಳು:

"ಇವತ್ತು ಹೇಳಣ, ನಾಳೆ ಹೇಳಣ ಅಂತ ದಿನಾ ಬರ್ತಿದ್ದೆ. ಆ ದಾರ ನೋಡಿದ್ರೆ ಬಾಯೇ ಬರ್ತಿರ್ಲಿಲ್ಲ. ನಾನ್ ಕೆಲ್ಸಕ್ಕೆ ಹೋಗೋದು ಒಳ್ಳೇದು ಅಂತ ಅತ್ತೆ ಇಷ್ಟ್ ವರ್ಷದಲ್ಲಿ ಒಂದ್ ಸಲಾನೂ ಅಂದಿರ್ಲಿಲ್ಲ. ಈ ಕೌದಿ ಹೊದ್ಸಿ, ಇದೇ ಮೊದಲ್ನೇ ಸಲ ಅಂದಿದ್ದು. ಅದು ತಪ್ಪು ಅಂತ ನಾನು ಹೆಂಗ್ರೀ ಗೆರೆ ಎಳೀಲಿ?"

ಸೆರಗಿನ ತುದಿಯಿಂದ ಮೂಗು ಒರೆಸಿಕೊಂಡು ಅವಳು ಬಸ್ಸು ಹತ್ತಿದಳು. ಕಿಟಕಿಯ ಪಕ್ಕ ಸೀಟು ಸಿಕ್ಕಿತು. ಕೈ ಬೀಸಿದಳು, ನಾನೂ ಬೀಸಿದೆ.

ಈಗ ಕಾಲ ಬದಲಾಗಿದೆ. ಗೀಜರಿಗೂ ಎಸಿಗೂ ನೂರೆಂಟು ಬಗೆಯ ಡಬ್ಬಿಗಳು ಬಂದಿವೆ. ನನ್ನ ಹಳೆಯ ಪಾಂಡಿತ್ಯದ ಸುದ್ದಿ ಕೇಳಿದ ಗೆಳೆಯರು, ಕರೆಂಟು ಉಳಿಸಬೇಕು, ಯಾವುದು ಕೊಳ್ಳಲಿ ಎಂದು ವಿಚಾರಿಸುತ್ತಾರೆ. ಯಾವುದಾದರೂ ಕೊಳ್ಳಿ, ಎಲ್ಲವೂ ಚೆನ್ನಾಗಿಯೇ ಇರುತ್ತವೆ ಎನ್ನುತ್ತೇನೆ. ಆಮೇಲೂ ಅದು ನಿಲ್ಲದೆ ಓಡಿದರೆ, ಮೆಕ್ಯಾನಿಕ್ಕನ್ನು ಬೈಯುವ ಮುಂಚೆ ಒಂದು ಮಧ್ಯಾಹ್ನ ಹೇಳದೆ ಮನೆಗೆ ಹೋಗಿ. ಅದಕ್ಕೆ ಯಾರಾದರೂ ಕೌದಿ ಹೊದಿಸಿದ್ದರೆ, ದಯವಿಟ್ಟು ಮೆಲ್ಲಗೆ ತೆಗೆಯಿರಿ.